ಮುಂಬಾಗಿಲ ಡಬ್ಬಿ

ಟೆಲಿಫೋನ್ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಹಳ್ಳಿಯ ಮನೆಯಲ್ಲಿ ಇಂಟರ್ನೆಟ್ ತೆವಳುತ್ತಿದೆ ಎಂದು ದೂರು ಕೊಡಲು ಬಂದವರು.

"ಇಲ್ಲಿಂದ ನಮ್ಮನೆಗೆ ಬರೋಷ್ಟರಲ್ಲೇ ಲೈನು ಜೀವ ಬಿಡತ್ತೆ. ಇವತ್ತು ಇವರಿಗೆ ಸರಿಯಾಗಿ ಬಿಸಿ ಮುಟ್ಟಿಸ್ತೀನಿ," ಎಂದ ಗಂಡ.

"ಮುಂಬಾಗಿಲವರೆಗೂ ಜೀವ ಇರತ್ತೆ. ನಿಮ್ಮ ಮಹಡಿ ಹತ್ತೋಕೆ ಹೋಗಿ ಸಾಯತ್ತೆ," ಎಂದಳು ಹೆಂಡತಿ.

"ಆ ತಂತಿ ನಾನೇ ಎಳೆದಿದ್ದು."

"ಅದಕ್ಕೇ ಹೇಳ್ತಿರೋದು. ಎಲ್ಲೆಲ್ಲೂ ಗಂಟು. ಮಧ್ಯೆ ಅತ್ತೆ ಕಾಲದ ಫೋನ್ ಬೇರೆ ನೇತಾಡ್ತಿದೆ."

"ನಿಂಗೇನು ಗೊತ್ತಾಗತ್ತೆ ಇದೆಲ್ಲ."

"ಮೊನ್ನೆ ನೀವು ಊರಲ್ಲಿ ಇಲ್ಲದಾಗ ಮೋಡೆಮ್ ಕೆಳಗೆ ತಂದು, ಲೈನು ಒಳಗೆ ಬರೋ ಮುಂಬಾಗಿಲ ಡಬ್ಬಿಗೇ ಚುಚ್ಚಿದ್ದೆ. ನನ್ನ ಆನ್‌ಲೈನ್ ಹೊಲಿಗೆ ಪಾಠ ಒಂದು ಸಲವೂ ನಿಲ್ಲಲಿಲ್ಲ. ನೀವು ಬಂದು ಮತ್ತೆ ಮೇಲಕ್ಕೆ ಒಯ್ದಿರಿ. ಪಾಠ ನಿಂತು ನಿಂತು ಇಬ್ಬರು ಹುಡುಗಿಯರು ಬಿಟ್ಟೇ ಹೋದರು."

"ಬಾಗಿಲಲ್ಲಿ ಅದನ್ನಿಟ್ಟರೆ ನೋಡೋಕೆ ಚೆನ್ನಾಗಿರಲ್ಲ."

"ನಿಮ್ಮ ಹರಕು ಚಪ್ಪಲಿ ಇಟ್ಟರೆ ಚೆನ್ನಾಗಿರತ್ತೆ."

ಅಷ್ಟರಲ್ಲಿ ಅವರ ಸರದಿ ಬಂತು. ಗುಮಾಸ್ತ ದೂರು ಕೇಳಿಸಿಕೊಂಡು, "ಲೈನು ಉದ್ದ ಇದೆ, ಅದಕ್ಕೆ ನಾವೇನೂ ಮಾಡೋಕಾಗಲ್ಲ. ಮನೆಯೊಳಗಿನ ತಂತಿಯೆಲ್ಲ ಬಿಚ್ಚಿಹಾಕಿ, ಲೈನು ಮನೆಗೆ ಬರೋ ಡಬ್ಬಿಗೇ ಮೋಡೆಮ್ ಹಾಕಿ ನೋಡಿ. ಬೇಕಾದಷ್ಟು ವ್ಯತ್ಯಾಸ ಆಗತ್ತೆ," ಎಂದ.

"ಇವಳಿಗೂ ಅದನ್ನೇ ಹೇಳ್ತಿದ್ದೆ ಸಾರ್," ಎಂದ ಗಂಡ.

"ಹೌದು ಸಾರ್, ಹೇಳ್ತಿದ್ರು. ಮಹಡಿ ಮೇಲಿಂದ ಹೇಳಿದ್ದಲ್ವಾ, ಕೆಳಗಿದ್ದ ನಂಗೆ ಬಂದು ಮುಟ್ಟಲಿಲ್ಲ ಅಷ್ಟೆ."

ಗುಮಾಸ್ತ ತಲೆ ತಗ್ಗಿಸಿ ನಕ್ಕ. ಆಕೆ ಗಂಡನಿಗೆ ಕಾಯದೆ ಬಸ್ಸಿನ ಕಡೆ ನಡೆದಳು.