ಉಪ್ಪು ಹತ್ತಿದ ಚಮಚ

ಬಸ್ಸಿನಲ್ಲಿ ಮುಂದಿನ ಸೀಟಿನಿಂದ "ಲ್ಯಾಬಲ್ಲಿ ಕೂದಲಿಗಿಂತ ಸಣ್ಣ ಸೂಜೀಲಿ ಉಪ್ಪು ಅಳೀತೀವಿ" ಎಂಬ ಮಾತು ಬಿದ್ದದ್ದೇ ತಡ, ಹಿಂದೆ ಕೂತಿದ್ದ ಗಡಿಯಾರ ರಿಪೇರಿಯವರೊಬ್ಬರ ಕಿವಿ ನೆಟ್ಟಗಾಯಿತು. ಮಾತಾಡುತ್ತಿದ್ದವರು ತಾಯಿ, ಮಗಳು.

"ಮೀನಿನ ಮರಿ ಮೈಯಿಂದ ಉಪ್ಪು ಸೋರುತ್ತೆ, ಕಾಯಿಲೆ ಮರಿಗಳು, ಬದುಕಲ್ಲ ಅಂತಿದ್ದೆಯಲ್ಲೇ?"

"ಸೋರ್ತಿದ್ದಿದ್ದು ಮರಿ ಅಲ್ಲಮ್ಮ, ನಮ್ಮ ಸೂಜಿ! ಅಳೆಯೋ ಸೂಜಿ ಜೊತೆಗೆ ಇನ್ನೊಂದು ಸೂಜಿ ಇಡ್ತೀವಲ್ಲ, ಅದರೊಳಗೆ ಉಪ್ಪುನೀರು ಇರುತ್ತೆ. ಅದು ಜಿನುಗ್ತಿತ್ತು. ಮೂರು ತಿಂಗಳು ನಾವು ಅಳೆದಿದ್ದು ನಮ್ಮ ಉಪ್ಪನ್ನೇ."

"ಗೊತ್ತಾಗಿದ್ದು ಹೇಗೆ?"

"ಭಾನುವಾರ ನೀನು ಬೈದೆಯಲ್ಲ, ಉಪ್ಪು ಹತ್ತಿದ ಚಮಚದಲ್ಲೇ ರುಚಿ ನೋಡ್ತೀಯಾ ಅಂತ. ಇವತ್ತು ಮರೀನ ಆಚೆ ಇಟ್ಟು ಬರೀ ನೀರು ಅಳೆದೆ. ಅದರಲ್ಲೂ ಅಷ್ಟೇ ಉಪ್ಪು!"

"ಹಾಗಾದ್ರೆ ಮತ್ತೆ ಮೊದಲಿಂದ?"

"ಮೊದಲಿಂದ."

"ಉಪ್ಪು ತಿಂದೋರು ನೀರು ಕುಡೀಲೇಬೇಕು. ಅದಕ್ಯಾಕೆ ಹೀಗೆ ಹಲ್ಲು ಕಿರೀತಿದೀಯ?"

"ಮರಿಗಳಿಗೆ ಏನೂ ಆಗಿಲ್ಲಮ್ಮ. ಎಲ್ಲಾ ಗಟ್ಟಿಮುಟ್ಟಾಗಿವೆ."

ಬಸ್ಸು ನಿಂತಿತು. ರಿಪೇರಿಯವರು ಇಳಿಯಬೇಕಾದ ಸ್ಟಾಪು ಆಗಲೇ ಹಿಂದೆ ಹೋಗಿತ್ತು. ತಾಯಿ ಚೀಲ ಎತ್ತಿಕೊಂಡು ಮಗಳ ಹಿಂದೆ ಇಳಿಯುತ್ತಾ ಅಂದರು:

"ಮೂರು ತಿಂಗಳು ಆ ಮರಿಗಳು ಸುಮ್ಮಸುಮ್ಮನೆ ರೋಗಿಷ್ಟ ಅನ್ನಿಸ್ಕೊಂಡ್ವಲ್ಲೇ, ಪಾಪ. ನಾಳೆ ಒಂದು ಚಿಟಿಕೆ ತಿಂಡಿ ಜಾಸ್ತಿ ಹಾಕು."