ಒಳಮಗ್ಗುಲಿನ ಹಳದಿ ಗುರುತು

ಹೇಳಿಕೆ ಕೊಡುತ್ತಿರುವವಳು ಬೀದಿಯವರೆಲ್ಲ ‘ಸೀಟಿನಕ್ಕ’ ಎಂದು ಕರೆಯುವ ನಾನು. ವಯಸ್ಸು 46 ವರ್ಷ. ಕಸುಬು ಕಾರುಗಳ ಸೀಟ್ ಕವರ್ ಹೊಲಿಯುವುದು. ವಾಸ ಇಳಿಜಾರು ರಸ್ತೆಯ ಮೇಲ್ತುದಿಯಲ್ಲಿರುವ ನನ್ನ ಅಂಗಡಿಯ ಹಿಂದಿನ ಎರಡು ಕೋಣೆ. ಅದೇ ರಸ್ತೆಯ ಕೆಳತುದಿಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಅಕ್ಕನ ಗಂಡ, ನಾನು ಅವರ ಕಾರಿನ ಬ್ರೇಕ್ ಕೆಡಿಸಿ ಅಕ್ಕನನ್ನೂ ನನ್ನ ಗಂಡನನ್ನೂ ಕೊಲ್ಲಲು ನೋಡಿದೆನೆಂದು ಇಂದು ದೂರು ಕೊಟ್ಟಿದ್ದಾರೆ. ಅದಕ್ಕೆ ಉತ್ತರವಾಗಿ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ 22 ವರ್ಷದಿಂದ ಬಾಡಿಗೆ ಕಾರು ಓಡಿಸುತ್ತಿದ್ದರು. ನಾವು ಆ ಕಾರನ್ನು ಗುಜರಿ ಸಾಮಾನಿನಲ್ಲೇ ಸಾಕಿದವರು. ಕನ್ನಡಿ, ಬಾಗಿಲ ಹಿಡಿ, ಹಿಂದಿನ ದೀಪ, ಸೀಟಿನ ಸ್ಪಂಜು ಎಲ್ಲವೂ ಊರಾಚೆಯ ಗುಜರಿಯಿಂದ ಬಂದವು. ಕಾರು ಬಿಳಿ, ಎಡಗಡೆಯ ಬಾಗಿಲು ನೀಲಿ. ಅದಕ್ಕೆ ನಮಗೆ ನಾಚಿಕೆಯಿರಲಿಲ್ಲ. ಆದರೆ ತೋರುವ ಸಾಮಾನು ಹಳೆಯದಿದ್ದರೂ ನಿಲ್ಲಿಸುವ ಸಾಮಾನು ಹೊಸದೇ ಇರಬೇಕೆಂಬುದು ನನ್ನ ಗಂಡನ ಕಟ್ಟಳೆ. ಟೈರು ಮತ್ತು ಬ್ರೇಕಿನ ವಿಷಯದಲ್ಲಿ ಅವರು ಚೌಕಾಸಿ ಮಾಡಿದ್ದನ್ನು ನಾನು ಕಂಡಿಲ್ಲ.

ಸುಮಾರು ಮೂರು ತಿಂಗಳ ಹಿಂದೆ ಬ್ರೇಕ್ ಪೆಡಲು ಮೆತ್ತಗಾಯಿತು. ಭಾವನವರು ನೋಡಿ, ಪೆಡಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ಮಾಸ್ಟರ್ ಸಿಲಿಂಡರ್ ಹೋಗಿದೆ, ಹೊಸದು ಹಾಕಬೇಕು ಎಂದರು. ನನ್ನ ಗಂಡ ಹೊಸದರ ಬೆಲೆಯನ್ನು ಪೂರ್ತಿ ಕೊಟ್ಟರು. ಕೆಲಸ ಮುಗಿದ ಮೇಲೆ ಭಾವನವರು ಕಂಪನಿಯ ಖಾಲಿ ಡಬ್ಬಿಯನ್ನು ನನ್ನ ಕೈಗಿತ್ತು, ‘ಷಡ್ಡಕನಿಗೆ ಅಂತ ಒಂದನೇ ನಂಬರ್ ಮಾಲು’ ಎಂದು ಹೇಳಿದರು. ಡಬ್ಬಿ ಗಟ್ಟಿಯಾಗಿತ್ತೆಂದು ನಾನು ಅದರಲ್ಲಿ ಗುಂಡಿಗಳನ್ನು ಹಾಕಿಟ್ಟೆ.

ಅದಾದ ಹದಿನೇಳನೆಯ ದಿನ ಬೆಳಿಗ್ಗೆ 8.10ಕ್ಕೆ ನನ್ನ ಗಂಡ ಖಾಲಿ ಕಾರಿನಲ್ಲಿ ಇಳಿಜಾರು ಇಳಿದರು. ಅಂಗಡಿಯಿಂದ ಗ್ಯಾರೇಜಿಗೆ 200 ಮೀಟರ್. ಅರ್ಧ ದಾರಿಯಿಂದಲೇ ಹಾರ್ನ್ ಕೇಳಿತು, ನಿಲ್ಲಲಿಲ್ಲ. ಗ್ಯಾರೇಜು ದಾಟಿ 40 ಮೀಟರ್ ಮುಂದೆ ಕಾರು ಗೋದಾಮಿನ ಗೋಡೆಗೆ ಗುದ್ದಿತು. ಹ್ಯಾಂಡ್ ಬ್ರೇಕ್ ಎಳೆದದ್ದರಿಂದ ಜೀವ ಉಳಿಯಿತು. ಬಲಗಾಲಿನ ಪಾದ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಗಂಡ, ಬ್ರೇಕ್ ತುಳಿದೆ, ಪೆಡಲು ನೆಲಕ್ಕೆ ಹೋಯಿತು ಎಂದರು. ಭಾವನವರು ಮಂಚದ ಪಕ್ಕ ಕೂತು, ಹಾಗೆ ನೆಲಕ್ಕೆ ಹೋಗುವುದು ಕ್ಲಚ್, ಗಾಬರಿಯಲ್ಲಿ ಎಡಬಲ ತಪ್ಪುವುದು ಯಾರಿಗೂ ಆಗುತ್ತದೆ ಎಂದು ಸಮಾಧಾನ ಮಾಡಿದರು. ನಿಮ್ಮ ಠಾಣೆಯವರಿಗೂ ಅದನ್ನೇ ಬರೆದುಕೊಟ್ಟರು. ದಾಖಲೆಯಲ್ಲಿ ‘ಚಾಲಕನ ತಪ್ಪು’ ಎಂದಾಯಿತು, ಲೈಸೆನ್ಸ್ ಹೋಯಿತು. ಮೂರನೆಯ ದಿನ ಭಾವನವರೇ ಮುಂದೆ ನಿಂತು, ಇನ್ನು ಉಪಯೋಗವಿಲ್ಲವೆಂದು ಕಾರನ್ನು ಗುಜರಿಗೆ ಎಳೆಸಿದರು. ಅಂದಿನಿಂದ ನನ್ನ ಗಂಡ ಕುರ್ಚಿಯಲ್ಲಿ ಕೂತು ಎರಡು ಕಾಲುಗಳನ್ನೂ ಒಂದೊಂದಾಗಿ ಪೆಡಲು ತುಳಿದಂತೆ ಮುಂದಕ್ಕೆ ಒತ್ತಿ ನೋಡುತ್ತಿದ್ದರು. ಯಾವ ಕಾಲು ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಪಾದ ಹೋದದ್ದನ್ನು ನಾನು ಹೇಗೋ ಸಹಿಸಿದೆ. ಇದನ್ನು ಸಹಿಸಲಾಗಲಿಲ್ಲ.

ಈ ಸೋಮವಾರ ಬೆಳಿಗ್ಗೆ 11ಕ್ಕೆ ಹಳೆಯ ಸ್ಪಂಜು ತರಲು ಗುಜರಿಗೆ ಹೋದೆ. ಮೂರನೆಯ ಸಾಲಿನಲ್ಲಿ ನೀಲಿ ಬಾಗಿಲು ಕಂಡಿತು. ಗುಜರಿಯ ಯಜಮಾನರನ್ನು ಎಲ್ಲರೂ ಹಳದಿ ಅಜ್ಜ ಎನ್ನುತ್ತಾರೆ. ತಾವು ಮಾರುವ ಪ್ರತಿ ಸಾಮಾನಿಗೂ ಅವರು ಹಳದಿ ಬಣ್ಣದಲ್ಲಿ ಗುರುತು ಹಾಕುತ್ತಾರೆ. ಇಲ್ಲದಿದ್ದರೆ ಜನ ತಮ್ಮ ಕೆಟ್ಟ ಸಾಮಾನು ತಂದು, ನಿಮ್ಮದೇ ಎಂದು ಹಿಂತಿರುಗಿಸುತ್ತಾರೆ. ಹೊರಗೊಂದು ಗುರುತು, ಯಾರೂ ನೋಡದ ಒಳಮಗ್ಗುಲಲ್ಲಿ ಇನ್ನೊಂದು. ಹೊರಗಿನದನ್ನು ಪೆಟ್ರೋಲಿನಲ್ಲಿ ಒರೆಸಿ ಮೋಸ ಮಾಡುವವರಿದ್ದಾರೆಂದು ಎರಡನೆಯದು.

ನಾನು ಮಾಸ್ಟರ್ ಸಿಲಿಂಡರ್ ಬಿಚ್ಚಿಕೊಡಲು ಅಜ್ಜನನ್ನು ಕೇಳಿದೆ. ಹೊರಗೆಲ್ಲ ಹೊಸ ಕಪ್ಪು ಬಣ್ಣವಿತ್ತು. ಬಿಚ್ಚಿ ತಿರುಗಿಸಿದಾಗ, ಒಳಗೆ ಕೂರುವ ಮುಖದ ಮೇಲೆ ಹಳದಿಯಲ್ಲಿ ಸಾಲಿನ ಸಂಖ್ಯೆ ಮತ್ತು ಮಾರಿದ ತಾರೀಕು ಇದ್ದವು. ಅದು ನಮ್ಮ ಕಾರು ಗ್ಯಾರೇಜಿನಲ್ಲಿದ್ದ ದಿನದ ತಾರೀಕು. ಕೂರಿಸಿದ ಮೇಲೆ ಕಾಣುವುದಿಲ್ಲವೆಂದು ಒರೆಸದೆ ಬಿಟ್ಟದ್ದು. ಹೊಲಿಗೆಯವಳಾದ ನನಗೆ ಗೊತ್ತು, ಕೆಲಸಗಾರನ ಯೋಗ್ಯತೆ ನೋಡಬೇಕಾದರೆ ಬಟ್ಟೆ ತಿರುವಿ ನೋಡಬೇಕು. ಅಜ್ಜ ಅದನ್ನು ಬೆಳಕಿಗೆ ಹಿಡಿದು ಗುರುತನ್ನು ಓದಿದರು. ಆಮೇಲೆ, ಇದು ನಿಮ್ಮ ಭಾವ ಒಯ್ದದ್ದು, ರಬ್ಬರು ಸತ್ತಿದೆ, ಗಾಡಿಗೆ ಹಾಕಬೇಡ ಎಂದು ಹೇಳಿ ಕಬ್ಬಿಣದ ತೂಕಕ್ಕೆ ಕೊಟ್ಟಿದ್ದೆ ಎಂದರು.

ಇಲ್ಲಿಂದ ಮುಂದೆ ಭಾವನವರು ಎಂದು ಬರೆಯದೆ ‘ಅವನು’ ಎಂದೇ ಬರೆಯಬೇಕೆಂದು ಕೋರುತ್ತೇನೆ.

ಅದೇ ದಿನ ಮಧ್ಯಾಹ್ನ 3ಕ್ಕೆ ಗ್ಯಾರೇಜಿಗೆ ಹೋಗಿ, ಅಂದು ಹಾಕಿದ್ದು ಹೊಸದೇ ತಾನೇ ಎಂದು ಕೇಳಿದೆ. ಸಿಲಿಂಡರ್ ಸಿಕ್ಕಿದ ವಿಷಯ ಹೇಳಲಿಲ್ಲ. ಅವನು ಗಿರಾಕಿಗಳ ಮುಂದೆ ನಕ್ಕು, ಡಬ್ಬಿ ಸಮೇತ ಕೊಟ್ಟಿದ್ದೇನೆ, ಗಂಡನ ಕಾಲು ತಪ್ಪಿದರೆ ಮೆಕ್ಯಾನಿಕ್ ಏನು ಮಾಡಲಿ ಎಂದ.

ಬುಧವಾರ ಮಧ್ಯಾಹ್ನ ಅಕ್ಕ ತಮ್ಮ ಕಾರನ್ನು ಸೀಟಿನ ಹೊಲಿಗೆ ಬಿಟ್ಟಿದೆಯೆಂದು ನನ್ನ ಅಂಗಡಿಯಲ್ಲಿ ನಿಲ್ಲಿಸಿ ಹೋದಳು. 4 ಗಂಟೆಗೆ ನಾನು ಸ್ಪಾನರ್ ಹಿಡಿದು ಬಾನೆಟ್ ಎತ್ತಿದ್ದು ನಿಜ. ಅವನೂ ಒಮ್ಮೆ ಪೆಡಲು ನೆಲಕ್ಕೆ ಹೋಗುವುದನ್ನು ಕಾಣಲಿ ಎಂದುಕೊಂಡದ್ದೂ ನಿಜ. ಯಾರೂ ಕೇಳದಿದ್ದರೂ ಇದನ್ನು ನಾನೇ ಬರೆಸುತ್ತಿದ್ದೇನೆ. ಡ್ರೈವರ್ ಸೀಟಿನ ಮೇಲೆ, ಅಕ್ಕನ ಸೊಂಟನೋವಿಗೆಂದು ನಾನು ಹೊಲಿದುಕೊಟ್ಟಿದ್ದ ದಿಂಬು ಇತ್ತು. ಬಾನೆಟ್ ಮುಚ್ಚಿದೆ. ಯಾವ ಬೋಲ್ಟನ್ನೂ ಮುಟ್ಟಲಿಲ್ಲ.

ಪ್ರತಿ ಗುರುವಾರ 10.40ಕ್ಕೆ ಅಕ್ಕ ನನ್ನ ಗಂಡನನ್ನು ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಇಂದು 10.30ಕ್ಕೆ ಅವಳು ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ನನ್ನ ಗಂಡ ಹಿಂದೆ ಕೂತರು. ನಾನು ಬರುವವರೆಗೆ ಹೊರಡಬೇಡಿ ಎಂದು ಹೇಳಿ ಕೀಲಿಯನ್ನು ನನ್ನಲ್ಲೇ ಇಟ್ಟುಕೊಂಡು ಇಳಿಜಾರು ಇಳಿದೆ. ಅವರಿಬ್ಬರಿಗೂ ಏನೂ ಗೊತ್ತಿರಲಿಲ್ಲ.

10.36ಕ್ಕೆ ಗ್ಯಾರೇಜಿನಲ್ಲಿ ಇಬ್ಬರು ಗಿರಾಕಿಗಳಿದ್ದರು, ಪಕ್ಕದ ಟೈರ್ ಅಂಗಡಿಯವರೂ ಬಾಗಿಲಲ್ಲಿದ್ದರು. ನಮ್ಮ ಕಾರಿನಿಂದ ನಿಮ್ಮ ಒಂದನೇ ನಂಬರ್ ಮಾಲನ್ನು ಬಿಚ್ಚಿ ತಂದಿದ್ದೇನೆ, ಹೊಸದು ಹಾಳಾಗಬಾರದೆಂದು ನಿನ್ನೆ ಬೇರೆ ಮೆಕ್ಯಾನಿಕ್ ಕೈಲಿ ನಿಮ್ಮ ಕಾರಿಗೆ ಹಾಕಿಸಿದ್ದೇನೆ, ಅಕ್ಕ ಈಗ ಹೊರಡುತ್ತಾಳೆ ಎಂದು ಹೇಳಿದೆ. ಇದು ಸುಳ್ಳು. ಇಂದು ನಾನು ಹೇಳಿದ ಸುಳ್ಳು ಇದೊಂದೇ.

ಅವನ ಕೈಯಲ್ಲಿದ್ದ ಲೋಟ ಬಿತ್ತು. ಒಂದು ಚಪ್ಪಲಿ ಅಲ್ಲೇ ಬಿಟ್ಟು ಇಳಿಜಾರು ಹತ್ತಿ ಓಡಿದ. ಟೈರಿನವರೂ ಗಿರಾಕಿಗಳೂ ಹಿಂದೆ ಓಡಿದರು. ನಾನು ನಡೆದೇ ಹೋದೆ. ಅವನು ದಾರಿಯುದ್ದಕ್ಕೂ ಕೂಗಿದ್ದನ್ನು ಕೂಗಿದಂತೆಯೇ ಬರೆದುಕೊಳ್ಳಬೇಕು: “ಇಳಿಯೇ! ಇಳಿ! ಆ ಬ್ರೇಕ್ ಹಿಡಿಯಲ್ಲ! ಅದು ಗುಜರಿ ಪೀಸು ಕಣೇ, ಒಳಗೆ ರಬ್ಬರೇ ಸತ್ತುಹೋಗಿದೆ!” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರೆ. ಇವನು ಕುಂಬಳಕಾಯಿಯನ್ನೇ ತಂದು ನಾಲ್ಕು ಜನರ ಮುಂದೆ ಇಟ್ಟ.

ನಾನು ಕಾರಿನ ಬಳಿ ಬಂದು ಚೀಲದಿಂದ ಸಿಲಿಂಡರ್ ತೆಗೆದು ತೋರಿಸಿದೆ. ಅವನು ಬಾಗಿಲು ಹಿಡಿದು ಏದುಸಿರು ಬಿಡುತ್ತಿದ್ದ. ಅಕ್ಕ ಅವನನ್ನು ನೋಡಿದಳು, ಸಿಲಿಂಡರನ್ನು ನೋಡಿದಳು, ಕಾರಿನಿಂದ ಇಳಿದು ನನ್ನ ಪಕ್ಕ ಬಂದು ನಿಂತಳು. ನನ್ನ ಗಂಡ ಹಿಂದಿನ ಸೀಟಿನಿಂದ ಒಂದೇ ಮಾತು ಆಡಿದರು: “ಹಾಗಾದ್ರೆ ನಾನು ತುಳಿದಿದ್ದು ಬ್ರೇಕೇ.” ಆಗ ಸಮಯ 10.43.

ಅವನ ಕಾರಿನ ಬ್ರೇಕನ್ನು ಯಾರಿಂದ ಬೇಕಾದರೂ ಪರೀಕ್ಷೆ ಮಾಡಿಸಬಹುದು. ಸಿಲಿಂಡರನ್ನೂ ಗುಂಡಿಗಳನ್ನು ತೆಗೆದ ಡಬ್ಬಿಯನ್ನೂ ಒಪ್ಪಿಸಿದ್ದೇನೆ. ಹಳದಿ ಅಜ್ಜ ಹೇಳಿಕೆ ಕೊಡಲು ಹೊರಗೆ ಕಾದಿದ್ದಾರೆ.

ಇದು ಮನೆಯ ವಿಷಯ, ಅಕ್ಕನ ಮುಖ ನೋಡಿ ರಾಜಿ ಮಾಡಿಕೊಳ್ಳಬಾರದೇ ಎಂದು ತಾವು ಕೇಳಿದಿರಿ. ಅಕ್ಕನ ಮುಖ ನೋಡಿಯೇ ಬಾನೆಟ್ ಮುಚ್ಚಿದೆ. ನನ್ನಲ್ಲಿದ್ದ ಕರುಣೆ ಅಷ್ಟೇ, ಅದು ಬುಧವಾರವೇ ಖರ್ಚಾಯಿತು. ಹಳೆಯ ದಾಖಲೆಯಲ್ಲಿರುವ ‘ಚಾಲಕನ ತಪ್ಪು’ ಎಂಬ ಮಾತನ್ನು ನನ್ನ ಗಂಡನ ಕಣ್ಣೆದುರಿಗೇ ಹೊಡೆದುಹಾಕಬೇಕು. ಅವನಿಗೆ ಶಿಕ್ಷೆಯಾಗುವ ದಿನ ನನಗೆ ತಿಳಿಸಬೇಕು. ಅಂಗಡಿ ಮುಚ್ಚಿ ಬರುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದಕ್ಕೆ ಏನೂ ಸೇರಿಲ್ಲ, ಏನೂ ಬಿಟ್ಟಿಲ್ಲ, ಎಲ್ಲವೂ ಸತ್ಯ.

ಸ್ಥಳ: ಠಾಣೆ
ದಿನಾಂಕ: 14, ಗುರುವಾರ, ಸಂಜೆ 5.20
ಸಹಿ: (ಸೀಟಿನಕ್ಕ)