ಮೂವರ ಬೋರ್ಡು ಕಳುವಾದ ಬಗ್ಗೆ ರೇಡಿಯೊ ರಿಪೇರಿಯವನ ಮರುಹೇಳಿಕೆ

ನಾನು, ವಯಸ್ಸು 69 ವರ್ಷ, ಕಸುಬು ರೇಡಿಯೊ ರಿಪೇರಿ, ವಾಸ ಹಳೇ ಅಂಚೆ ಕಚೇರಿಯ ಹಿಂದಿನ ಕಟ್ಟಡದ ಎರಡನೇ ಮಹಡಿ, ಈ ದಿನ ಮಧ್ಯಾಹ್ನ 12 ಗಂಟೆಗೆ ಠಾಣೆಯಲ್ಲಿ ಈ ಮೂಲಕ ತಿಳಿಸುವುದೇನೆಂದರೆ, ಬೆಳಿಗ್ಗೆ 9.50ಕ್ಕೆ ನಾನೇ ಕೊಟ್ಟ ಕಳವಿನ ದೂರನ್ನು ವಾಪಸು ಪಡೆಯುತ್ತಿದ್ದೇನೆ. ಕಾರಣ ಕೆಳಕಂಡಂತೆ ಇರುತ್ತದೆ.

ಸದರಿ ಕಟ್ಟಡದ ಒಂದನೇ ಮಹಡಿಯಲ್ಲಿ 38 ವರ್ಷಗಳಿಂದ ಒಂದೇ ಹೆಸರಿನ ಮೂವರು ಅಕ್ಕಪಕ್ಕದ ಕೋಣೆಗಳಲ್ಲಿ ಕಸುಬು ಮಾಡಿಕೊಂಡಿದ್ದೆವು. ನಾನು ಮೊದಲು ತಂತಿ ಕಚೇರಿಯಲ್ಲಿದ್ದು ನಂತರ ರೇಡಿಯೊಗೆ ಇಳಿದವನು. ಎರಡನೆಯವನು ಬಸ್ಸುಗಳ ಮೇಲೆ ನಂಬರು ಬರೆಯುತ್ತಿದ್ದವನು, ಆಮೇಲೆ ಬೋರ್ಡು ಬರೆಯುವವನಾದ. ಮೂರನೆಯವನು ಅಂಗಿಯ ಗುಂಡಿ ಮಾಡುವ ಕಾರ್ಖಾನೆ ಬಿಟ್ಟು ಕಟ್ಟುಹಲ್ಲು ಮಾಡುವುದನ್ನು ಕಲಿತ. ಗೊಂದಲ ಬೇಡವೆಂದು ಎಲ್ಲರೂ ನಮ್ಮನ್ನು ರೇಡಿಯೊ, ಬೋರ್ಡು, ಹಲ್ಲು ಎಂದೇ ಕರೆಯುತ್ತಿದ್ದರು. ಬೀದಿಯಿಂದ ಹೊಸಬರು ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರು ಕಿಟಕಿಗಳಿಂದ ಮೂರು ತಲೆ ಹೊರಬರುತ್ತಿದ್ದವು. ಹಲ್ಲು ಕಟ್ಟಿಸಲು ಬಂದ ಅಜ್ಜಿಯೊಬ್ಬರು ನನ್ನ ಮುಂದೆ ಕೂತು ಬಾಯಿ ತೆರೆದರು. ಅಯ್ಯೋ ತಾಯಿ, ನಾನು ರೇಡಿಯೊ ಎಂದದ್ದಕ್ಕೆ, ಹಾಗಾದ್ರೆ ಒಂದು ಹಾಡು ಹಾಕಪ್ಪ ಎಂದರು. ಒಂದು ಗಂಟೆಗೆ ಮೂವರೂ ನನ್ನ ಮೇಜಿನ ಮೇಲೆ ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಆ ದಿನಗಳು ಬಹಳ ಚೆನ್ನಾಗಿದ್ದವು ಎಂಬುದನ್ನೂ ಬರೆದುಕೊಳ್ಳಬೇಕು.

ಮೆಟ್ಟಿಲ ಪಕ್ಕದ ಗೋಡೆಯಲ್ಲಿ 4 ಅಡಿ ಉದ್ದ, 2 ಅಡಿ ಅಗಲದ ತಗಡಿನ ಬೋರ್ಡು ಇತ್ತು. ಒಂದೇ ಹೆಸರನ್ನ ಮೂರು ಸಲ ಬರೆಯೋಕೆ ನನಗೇನು ತಲೆ ಕೆಟ್ಟಿದೆಯಾ ಎಂದು ಬೋರ್ಡಿನವನು ಮೇಲೆ ಒಂದೇ ಸಲ ಹೆಸರು ಬರೆದು, ಕೆಳಗೆ ಮೂರು ಸಾಲಿನಲ್ಲಿ ಮೂರು ಕಸುಬು ಬರೆದಿದ್ದನು.

ಎಂಟು ತಿಂಗಳ ಹಿಂದೆ ಹಲ್ಲಿನವನು ತೀರಿಕೊಂಡ. ಈಗ ಯಾರಾದರೂ ಕೂಗಿದರೆ ಎರಡೇ ತಲೆ. ಈ ಸೋಮವಾರ ಬೆಳಿಗ್ಗೆ 11ಕ್ಕೆ ಕಟ್ಟಡದ ಮಾಲೀಕರು ಬಂದು, ಸತ್ತವರ ಸಾಲು ಅಳಿಸಿ, ಜನ ಸುಮ್ಮನೆ ಮೆಟ್ಟಿಲು ಹತ್ತುತ್ತಾರೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಬೋರ್ಡಿನವನು ಮಾತ್ರ, ನೋಡೋಣ ಸಾರ್ ಎಂದಷ್ಟೇ ಹೇಳಿದ. ಬಾಯಿ ಹೊಲಿದುಕೊಂಡಿದ್ದೀಯೇನೋ ಎಂದು ನಾನು ಅವನ ಮೇಲೆ ರೇಗಿ, ಅಂದಿನಿಂದ ಮಾತು ಬಿಟ್ಟೆ.

ಈ ದಿನ 9.20ಕ್ಕೆ ಕೆಳಗಿಳಿದಾಗ ಬೋರ್ಡು ಇರಲಿಲ್ಲ, ಗೋಡೆಯಲ್ಲಿ ನಾಲ್ಕು ತೂತು ಇದ್ದವು. ಅಳಿಸಲಿಕ್ಕೇ ಒಯ್ದಿದ್ದಾನೆಂದು ಹಿಂದೆಮುಂದೆ ನೋಡದೆ ಅವನ ಮೇಲೆ ದೂರು ಕೊಟ್ಟೆ. 11.15ಕ್ಕೆ ಅವನನ್ನು ಹಳೇ ಹೊದಿಕೆ ಸುತ್ತಿದ ಬೋರ್ಡಿನ ಸಮೇತ ಠಾಣೆಗೆ ಕರೆತಂದರು. ದೂರುದಾರನ ಹೆಸರು, ಆರೋಪಿಯ ಹೆಸರು, ಮಾಲಿನ ಮೇಲಿನ ಹೆಸರು ಮೂರೂ ಒಂದೇ ಆದ್ದರಿಂದ ಹೆಡ್ ಕಾನ್‌ಸ್ಟೆಬಲ್‌ರವರು ಪೆನ್ನು ಕೆಳಗಿಟ್ಟು, ಏನ್ ಸ್ವಾಮಿ, ನನ್ನ ತಲೆ ತಿನ್ನೋಕೆ ಬಂದಿದ್ದೀರಾ ಎಂದು ಕೇಳಿದರು.

11.30ಕ್ಕೆ ಹೊದಿಕೆ ಬಿಚ್ಚಿದರು. ನನ್ನ ಸಾಲು, ಅವನ ಸಾಲು ಎರಡೂ ಮಾಸಿದ ಹಾಗೇ ಇದ್ದವು. ಹತ್ತಿ ಇಳಿಯುವವರ ಭುಜ ತಾಗಿ ತೀರ ಸವೆದಿದ್ದ ಹಲ್ಲಿನವನ ಸಾಲು ಮಾತ್ರ ಹೊಸ ಕೆಂಪು ಬಣ್ಣದಲ್ಲಿತ್ತು. ಹೊದಿಕೆಯ ನೂಲು ಅಲ್ಲಲ್ಲಿ ಅಂಟಿಕೊಂಡಿತ್ತು, ಮುಟ್ಟಿದೆ, ಬೆರಳಿಗೂ ಅಂಟಿತು. ಹೆಡ್ ಕಾನ್‌ಸ್ಟೆಬಲ್‌ರವರು ಕೇಳಿದ್ದಕ್ಕೆ ಬೋರ್ಡಿನವನು, ಅವನ ಸಾಲು ಓದೋಕೇ ಆಗ್ತಿರಲಿಲ್ಲ ಸಾರ್, ಒಣಗಿದ ಮೇಲೆ ಹಾಕ್ತಿದ್ದೆ, ಮಾಲೀಕರಿಗೆ ನಾನೇ ಹೇಳ್ಕೋತೀನಿ ಎಂದು ಹೇಳಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅವನು ಕಳ್ಳನಲ್ಲ, ದುಡುಕಿದವನು ನಾನು. ಅವನನ್ನು ಕೂಡಲೇ ಬಿಟ್ಟು, ಬೋರ್ಡನ್ನು ಅವನ ಕೈಗೇ ಕೊಡಬೇಕು. ತಪ್ಪಾಯಿತು ಕಣೋ ಎಂದು ಮುಖ ನೋಡಿ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅವನನ್ನು ಕೂರಿಸಿರುವ ಬೆಂಚು ಇಲ್ಲಿಂದ 8 ಅಡಿ ದೂರದಲ್ಲಿದೆ, ಅವನಿಗೆ ಕಿವಿ ಮಂದ. ಆದ್ದರಿಂದ ನಿಯಮದಂತೆ ಈ ಹೇಳಿಕೆಯನ್ನು ನನಗೆ ಓದಿ ಹೇಳುವಾಗ ದಯಮಾಡಿ ಗಟ್ಟಿಯಾಗಿ ಓದಬೇಕಾಗಿ ಕೋರುತ್ತೇನೆ.

ಮೇಲಿನದನ್ನು ಗಟ್ಟಿಯಾಗಿ ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14-11-2024, ಗುರುವಾರ, ವೇಳೆ 12.25

ಸಹಿ (ರೇಡಿಯೊ)

ಸಾಕ್ಷಿಯ ಸಹಿ (ಬೋರ್ಡು): ಕೇಳಿಸಿತು.